ಹಸಿ ಮಾಂಸ ತಿನ್ನುವ ಕುರಿನಾಯಿಗಳ ನಡುವೆ

ಹೊರಡುವ ಮೊದಲು, ರಾಣೆಬೆನ್ನೂರು

ನ್ಯೂಜಿಲೆಂಡಿನಿಂದ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಹಿಮದ ಬೆಟ್ಟಗಳ ಬಗ್ಗೆ. ಬೆಟ್ಟಗಳಿದ್ದವು, ಫೋಟೊಗಳೂ ಇವೆ. ಆದರೆ ನನ್ನ ದಿನಚರಿ ತೆರೆದರೆ ಬೆಟ್ಟಗಳಿಗೆ ಸಿಕ್ಕಿರುವುದು ಎರಡೇ ಸಾಲು. ಉಳಿದದ್ದೆಲ್ಲ ನಾಯಿಗಳ ಊಟದ ವಿಷಯ. ಯಾವ ನಾಯಿ ಏನು ತಿಂದಿತು, ಯಾರ ಕೈಯಿಂದ ತಿಂದಿತು, ತಿಂದ ಮೇಲೆ ಏನು ಮಾಡಿತು. ಕಾಲೇಜಿನಲ್ಲಿ ಇತಿಹಾಸ ಕಲಿಸುವವನೊಬ್ಬ ಅಷ್ಟು ದೂರ ಹೋಗಿ ಇದನ್ನು ಯಾಕೆ ಬರೆದುಕೊಂಡು ಬಂದ ಎಂದು ಹೇಳಬೇಕಾದರೆ ಒಂದು ಸತ್ತ ಕುರಿಮರಿಯಿಂದ ಶುರು ಮಾಡಬೇಕು.

ನಮ್ಮ ಅಬ್ಬಾ ರಾಣೆಬೆನ್ನೂರಿನ ಪೇಟೆಯಲ್ಲಿ ಮಟನ್ ಅಂಗಡಿ ಇಟ್ಟುಕೊಂಡು ನಮ್ಮನ್ನೆಲ್ಲ ಓದಿಸಿದವರು. ಅಂಗಡಿಗೆ ಕುರಿ ಬರುವುದು ಹಲಗೇರಿಯ ಬೀರಪ್ಪ ಕಾಕಾನ ಹಿಂಡಿನಿಂದ. ಮುನ್ನೂರು ಕುರಿ, ಮೂರು ಮನೆಗಳ ಕೂಡು ಹಿಂಡು, ವರ್ಷದ ಹೆಚ್ಚು ದಿನ ಊರೂರು ತಿರುಗುವಂಥದು. ಹಿಂಡಿಗೆ ಕಾವಲು ಕಾಳ್ಯಾ ಎಂಬ ಕಪ್ಪು ನಾಯಿ. ಕುರಿ ಆರಿಸಲು ಅಬ್ಬಾ ಹಿಂಡಿಗೆ ಹೋಗುವ ದಿನ ಅಂಗಡಿಯಿಂದ ನೆಟ್ಟಗೆ ಹೋಗುವುದಿಲ್ಲ. ಮನೆಗೆ ಬಂದು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದು, ಬೇರೆ ಅಂಗಿ ಹಾಕಿಕೊಂಡು ಹೊರಡುತ್ತಾರೆ. ಕುರಿ ಕಾಯುವ ನಾಯಿಗೆ ಕುರಿಯ ರಕ್ತದ ವಾಸನೆಯ ರೂಢಿ ಆಗಬಾರದು ಎಂಬುದು ಕುರುಬರ ಕಟ್ಟಳೆ. ಕಟುಕರೂ ಅದನ್ನು ಪಾಲಿಸುತ್ತಾರೆ. ಕಾಳ್ಯಾನ ಊಟ ಜೋಳದ ರೊಟ್ಟಿ, ಮಜ್ಜಿಗೆ, ಕೆಲವೊಮ್ಮೆ ಕುರಿಹಾಲು. ಕಾಕಾ ಉಣ್ಣಲು ಕುಳಿತರೆ ರೊಟ್ಟಿಯ ಮೊದಲ ಚೂರು ನಾಯಿಗೆ, ಆಮೇಲೆ ತಮ್ಮ ಬಾಯಿಗೆ.

ಹೋದ ಬೇಸಿಗೆಯಲ್ಲಿ ಕಾಳ್ಯಾನ ಮುಂಗಾಲಿಗೆ ಪೆಟ್ಟಾಗಿ ಅದು ಎಲುಬು ಕಾಣುವಷ್ಟು ಸೊರಗಿತ್ತು. ನಾನು ಫೋನಿನಲ್ಲಿ ಓದಿದ್ದೆ: ನಾಯಿಗೆ ಹಸಿ ಮಾಂಸವೇ ಸಹಜ ಆಹಾರ, ಅದರಿಂದ ಮೈ ತುಂಬುತ್ತದೆ, ಕೂದಲು ಹೊಳೆಯುತ್ತದೆ. ಅಬ್ಬಾನ ಜೊತೆ ಹಿಂಡಿಗೆ ಹೋಗುವಾಗ ಪ್ಲಾಸ್ಟಿಕ್ ಚೀಲದಲ್ಲಿ ಹಸಿ ಕಲೇಜಿ, ಅಂದರೆ ಕುರಿಯ ಯಕೃತ್ತಿನ ಚೂರು ಒಯ್ದು, ಹಿರಿಯರಿಬ್ಬರೂ ಕುರಿಯ ಹಲ್ಲು ನೋಡುವುದರಲ್ಲಿ ಮುಳುಗಿದ್ದಾಗ ಕಾಳ್ಯಾನಿಗೆ ತಿನ್ನಿಸಿದೆ. ಅದರ ಮೈ ತುಂಬಿತು. ಕಾಲೂ ನೆಟ್ಟಗಾಯಿತು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ರಾತ್ರಿ ಹಿಂಡಿನ ಸುತ್ತ ಕಟ್ಟುವ ಬಲೆಯ ಹೊರಗೆ ಒಂದು ಮರಿ ಅರ್ಧ ಹರಿದು ಬಿದ್ದಿತ್ತು. ಪಕ್ಕದಲ್ಲಿ ಕಾಳ್ಯಾ ಕುಳಿತಿತ್ತು. ಅದರ ಮೂತಿಗೆ ರಕ್ತ.

ರುಚಿ ಹತ್ತಿದ ನಾಯಿ ಹಿಂಡಿನಲ್ಲಿ ಇರಬಾರದು ಎಂದು ಉಳಿದೆರಡು ಮನೆಯವರು ಪಟ್ಟು ಹಿಡಿದರು. ಅಂಥ ನಾಯಿಯನ್ನು ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲ, ಬಿಟ್ಟರೆ ತಿರುಗಿ ಹಿಂಡಿಗೇ ಬರುತ್ತದೆ. ಹಾಗಾಗಿ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಕಾಕಾ ಕಾಳ್ಯಾನನ್ನು ಹಗ್ಗದಲ್ಲಿ ಕಟ್ಟಿ ತಮ್ಮನಾದ ಮಾಳಪ್ಪನಿಗೆ ಹೇಳಿದರು: "ನಾ ಹೊಳ್ಳಿ ಬರೂತನಕ ಇದರ ಮೈ ಮುಟ್ಟಬ್ಯಾಡ್ರಿ. ಬಂದ ಮ್ಯಾಲ ನೋಡೂಣು."

ತಿರುಗಿ ಬರುವುದು ನ್ಯೂಜಿಲೆಂಡಿನಿಂದ. ಎರಡು ವರ್ಷದ ಹಿಂದೆ ಕಂಬಳಿ ನೇಯುವುದನ್ನು ನೋಡಲು ನಮ್ಮ ಕಡೆ ಬಂದಿದ್ದ ರೂತ್ ಎಂಬ ಅಲ್ಲಿನ ಕುರಿಸಾಕಣೆಯ ಹೆಂಗಸು ಕಾಕಾನ ಹಿಂಡಿನಲ್ಲಿ ಒಂದು ದಿನ ಕಳೆದಿದ್ದಳು. ತನ್ನ ಕುರಿಗಳು ಮರಿ ಹಾಕುವ ಕಾಲಕ್ಕೆ ಬನ್ನಿ ಎಂದು ಈಗ ಕರೆದಿದ್ದಳು. ಅಲ್ಲಿನ ಕುರಿ ಸಾಕುವವರ ಸಂಘವೊಂದು ಟಿಕೆಟ್ಟು ಕಳಿಸಿತ್ತು. ಕಾಕಾನ ಮಾತನ್ನು ಇಂಗ್ಲಿಷಿಗೂ ಆಕೆಯ ಮಾತನ್ನು ಕನ್ನಡಕ್ಕೂ ತರಲು ನಾನು.

ಮರಿ ಸತ್ತ ಸುದ್ದಿ ಕೇಳಿದ ದಿನವೇ ಕಾಕಾನಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಆಕ್ಲೆಂಡ್

ವಿಮಾನದಲ್ಲಿ ಕಾಕಾ ಕಿಟಕಿಯ ಕಡೆ ನೋಡಲೇ ಇಲ್ಲ. ತಟ್ಟೆ ಬಂದಾಗಲೆಲ್ಲ ಬನ್ನಿನ ಅಂಚು ಮುರಿದು ಪಕ್ಕಕ್ಕೆ ಇಡುತ್ತಿದ್ದರು. ಬೇಡವಾಗಿರಬೇಕು ಎಂದುಕೊಂಡೆ.

ಆಕ್ಲೆಂಡಿನಲ್ಲಿ ಇಳಿದು ಸಾಲಿನಲ್ಲಿ ನಿಂತಿದ್ದೆವು. ಆ ದೇಶದವರು ಹೊರಗಿನ ಮಣ್ಣು, ಬೀಜ, ತಿನಿಸು ಯಾವುದನ್ನೂ ಸುಮ್ಮನೆ ಒಳಗೆ ಬಿಡುವುದಿಲ್ಲ. ಒಬ್ಬಳು ಅಧಿಕಾರಿ ಸಣ್ಣ ಜೋಲುಕಿವಿಯ ನಾಯಿಯೊಂದನ್ನು ಹಿಡಿದುಕೊಂಡು ಸಾಲಿನುದ್ದಕ್ಕೂ ಬಂದಳು. ನಾಯಿ ಕಾಕಾನ ಹತ್ತಿರ ಬಂದು ಮೂಸಿ ಅಲ್ಲೇ ಕುಳಿತುಬಿಟ್ಟಿತು. ಕಾಕಾನ ಮುಖ ಅರಳಿತು.

"ಗುರ್ತ ಹಿಡೀತ ನೋಡ್ರಿ ಮಾಸ್ತರ."

ಅದು ಕುಳಿತರೆ ತಿನಿಸು ಸಿಕ್ಕಿದೆ ಎಂದು ಅರ್ಥವಂತೆ. ಕಾಕಾನ ನಿಲುವಂಗಿಯ ಜೇಬಿನಿಂದ ಟಿಶ್ಯೂ ಕಾಗದದ ಪುಟ್ಟ ಗಂಟುಗಳು ಒಂದೊಂದಾಗಿ ಹೊರಬಂದವು. ಬನ್ನಿನ ಚೂರು, ಸಿಂಗಪುರದ ಪರೋಟದ ಚೂರು, ಬ್ಯಾಡಗಿಯ ನನ್ನ ಹೆಂಡತಿಯ ತವರಿನಿಂದ ಬಂದ ರೊಟ್ಟಿಯ ಒಂದು ಚೂರು.

"ಏನಿದು?" ಎಂದಳು ಅಧಿಕಾರಿ.

ನಾನು ಕಾಕಾನ ಕಡೆ ನೋಡಿದೆ. "ಕಾಳ್ಯಾನ ಪಾಲ ಐತ್ರಿ," ಎಂದರು. "ಅಂವ ಇಲ್ಲ ಅಂತ ನಾ ಮದಲ ತಿನ್ನಾಕ ಬರತೈತೇನು?"

ಹಾಗೆಯೇ ಇಂಗ್ಲಿಷಿಗೆ ತಂದೆ. ಮನೆಯಲ್ಲಿರುವ ತನ್ನ ನಾಯಿಯ ಪಾಲು, ಪ್ರತಿ ಊಟದ ಮೊದಲ ತುತ್ತು. ಅಧಿಕಾರಿ ಸ್ವಲ್ಪ ಹೊತ್ತು ಗಂಟುಗಳನ್ನೇ ನೋಡಿದಳು. ನಾವಿನ್ನೂ ತಪಾಸಣೆಯ ಮೇಜು ದಾಟಿರಲಿಲ್ಲವಾದ್ದರಿಂದ ದಂಡ ಹಾಕಲಿಲ್ಲ. ಗಂಟುಗಳು ಕಸದ ಡಬ್ಬಿಗೆ ಹೋದವು. ಆಮೇಲೆ ಇನ್ನೊಬ್ಬ ಅಧಿಕಾರಿ ಕಾಕಾನ ಚಪ್ಪಲಿ ಬಿಡಿಸಿಕೊಂಡು, ಅಡಿಯಲ್ಲಿ ಮೆತ್ತಿದ್ದ ಹಲಗೇರಿಯ ಮಣ್ಣನ್ನೂ ಕುರಿಹಿಕ್ಕೆಯನ್ನೂ ಬ್ರಶ್ಶಿನಿಂದ ತಿಕ್ಕಿ ತೊಳೆದು ಒರೆಸಿ ತಂದುಕೊಟ್ಟ.

"ಸರಕಾರದಾಂವ ಚಪ್ಪಲಿ ತೊಳದ ಕೊಟ್ಟ ಅಂದ್ರ ಊರಾಗ ಯಾರೂ ನಂಬಂಗಿಲ್ಲ," ಎಂದರು ಕಾಕಾ. ಹೋಗುವ ಮುನ್ನ ಹಿಂದಿರುಗಿ ನಾಯಿಯ ಕಡೆ ಕೈ ತೋರಿಸಿದರು. "ಇದಕ್ಕ ಊಟಕ್ಕ ಏನ ಹಾಕ್ತಾರ, ಕೇಳ್ರಿ."

ಒಣ ಕಾಳಿನಂಥ ನಾಯಿತಿನಿಸು, ಅಂಗಡಿಯದು, ಎಂದಳು ಆಕೆ. ಕಾಕಾ ತಲೆಯಾಡಿಸಿದರು. ಆ ದೇಶದಲ್ಲಿ ನಾಯಿ ಕಂಡಲ್ಲೆಲ್ಲ ಕಾಕಾ ಇದೇ ಪ್ರಶ್ನೆ ಕೇಳಿಸಿದರು.

ರೂತಳ ತೋಟ, ಮೊದಲ ಸಂಜೆ

ಆಕೆಯ ಮನೆ ದಕ್ಷಿಣ ದ್ವೀಪದಲ್ಲಿ, ಟಿಮರು ಎಂಬ ಊರಿನಿಂದ ಒಳಕ್ಕೆ ಗಂಟೆಯ ದಾರಿ. ತೋಟ ಎಂದರೆ ಗಿಡಮರಗಳ ತೋಟವಲ್ಲ, ತಂತಿ ಬೇಲಿ ಹಾಕಿದ ಹುಲ್ಲಿನ ಗುಡ್ಡಗಳು. ರೂತಳಿಗೆ ಎಪ್ಪತ್ತರ ಆಸುಪಾಸು. ಗಂಡ ತೀರಿಕೊಂಡಿದ್ದಾನೆ. ಕುರಿಗಳೆಷ್ಟು ಎಂದು ಕಾಕಾ ಕೇಳಿದಾಗ ಎರಡು ಸಾವಿರ ಎಂದಳು.

"ಆಳು?"

"ನಾನು. ಮತ್ತೆ ಇವು," ಎಂದು ನಾಲ್ಕು ನಾಯಿಗಳನ್ನು ತೋರಿಸಿದಳು.

ಅವುಗಳಲ್ಲಿ ಎರಡು ನನಗೆ ಚೆನ್ನಾಗಿ ನೆನಪಿವೆ. ಕಪ್ಪುಬಿಳುಪಿನ ಫ್ಲೋ ಬೊಗಳುವುದೇ ಇಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಕುರಿಯ ಕಣ್ಣಿಗೆ ಕಣ್ಣಿಟ್ಟರೆ ಸಾಕು, ಹಿಂಡು ತಿರುಗುತ್ತದೆ. ದೊಡ್ಡ ಮೈಯ ಬೋ ಬೊಗಳುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಅದರ ಸದ್ದಿಗೆ ಗುಡ್ಡದ ಆಚೆಯ ಕುರಿಗಳೂ ಓಡುತ್ತವೆ. ರೂತ್ ಬಾಯಲ್ಲಿ ಮಡಿಸಿದ ತಗಡಿನಂಥ ಸಿಳ್ಳೆ ಇಟ್ಟುಕೊಂಡು ಬೇರೆ ಬೇರೆ ರಾಗ ಊದುತ್ತಾಳೆ, ನಾಯಿಗಳು ಎಡಕ್ಕೆ ಬಲಕ್ಕೆ ಹೋಗುತ್ತವೆ. ಕಾಕಾ ಬಹಳ ಹೊತ್ತು ನೋಡಿ ಹೇಳಿದರು: "ಇವು ಕುರಿ ಹೊಡ್ಯಾವು. ನಮ್ಮವು ಕಾಯಾವು. ಕೆಲಸನ ಬ್ಯಾರೆ." ಅಭಿಮಾನದ ಮಾತೇ ಆಗಿದ್ದರೂ ಕಣ್ಣು ಫ್ಲೋ ಮೇಲೆಯೇ ಇತ್ತು.

ಹೊತ್ತು ಇಳಿಯುವಾಗ ರೂತ್ ನನ್ನನ್ನು ಕೊಟ್ಟಿಗೆಯ ಫ್ರೀಜರಿನಿಂದ ನಾಯಿಗಳಿಗೆ ಮಾಂಸ ತರಲು ಕಳಿಸಿದಳು. ಅಲ್ಲಿ ಎರಡು ಫ್ರೀಜರುಗಳಿದ್ದವು. ನಾನು ತಂದ ತೊಡೆ ನಾಯಿಗೆ ಹಾಕುವಂಥದಲ್ಲ ಎಂದು ಕಟುಕನ ಮಗನಾದ ನನಗೆ ಅನ್ನಿಸಿತ್ತು. ಆದರೆ ಶ್ರೀಮಂತ ದೇಶ, ಹೀಗೂ ಇರಬಹುದು ಎಂದುಕೊಂಡೆ. ರೂತ್ ಕೈತೋಟದಿಂದ ಬರುವಷ್ಟರಲ್ಲಿ ಬೋ ಅದನ್ನು ಅರ್ಧ ಮುಗಿಸಿತ್ತು. ಭಾನುವಾರಕ್ಕೆಂದು ಆಕೆ ಇಟ್ಟಿದ್ದ ಮಾಂಸವಂತೆ ಅದು.

"ಬೋ ಇದನ್ನು ಸಾಯುವ ತನಕ ನೆನಪಿಟ್ಟುಕೊಳ್ಳುತ್ತೆ," ಎಂದು ನಕ್ಕಳು. ನಾವು ಮೊಟ್ಟೆ ತಿಂದೆವು.

ಉಳಿದ ಮೂರು ನಾಯಿಗಳಿಗೆ ಆಕೆ ಸರಿಯಾದ ಫ್ರೀಜರಿನಿಂದ ಕಲ್ಲಿನಂತೆ ಹೆಪ್ಪುಗಟ್ಟಿದ ಕುರಿಮಾಂಸ ತೆಗೆದು, ಕೊಡಲಿಯಿಂದ ಕಡಿದು, ಒಂದೊಂದರ ಗೂಡಿಗೆ ಹೋಗಿ ಕೈಯಾರೆ ಕೊಟ್ಟಳು. ಹಸಿಯದೇ, ಎಲುಬಿನ ಸಮೇತ. ಕಾಕಾ ಅಲ್ಲಿಯವರೆಗೆ ನಾನು ಮಾಂಸ ತಪ್ಪಾಗಿ ತಂದದ್ದಕ್ಕೆ ನಗುತ್ತಿದ್ದವರು ನಗು ನಿಲ್ಲಿಸಿದರು.

"ಮಾಸ್ತರ, ಅದು ಕುರೀದ ಏನ್ರಿ?"

"ಹೌದ್ರಿ ಕಾಕಾ. ಕುರೀದ."

"ಕುರಿ ಮೇಸೂ ನಾಯಿಗೆ?"

ಫ್ಲೋ ಎಲುಬು ಅಗಿಯುವ ಸದ್ದು ಕೇಳುತ್ತಿತ್ತು.

ಎರಡನೆಯ ಬೆಳಿಗ್ಗೆಯಿಂದ

ಬೆಳಗಾಗುವಾಗ ಎದ್ದು ನೋಡಿದರೆ ಕಾಕಾ ಹಾಸಿಗೆಯಲ್ಲಿರಲಿಲ್ಲ. ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ಕಂಬಳಿ ಹೊದ್ದು, ಬೆರಳು ಚಾಚಿ ಮರಿಗಳನ್ನು ಎಣಿಸುತ್ತಿದ್ದರು. ಫ್ಲೋ ಅವರ ಹಿಂದೆಯೇ ಬೇಲಿಯ ಸಂದಿನಲ್ಲಿ ನುಸುಳಿ ಬಂದು ಕುಳಿತಿತ್ತು. ನಿನ್ನೆ ಸಂಜೆ ಕುರಿಯ ಎಲುಬು ಅಗಿದ ನಾಯಿ ಅದು. ಎರಡು ಮಾರು ದೂರದಲ್ಲಿ ಒಂದು ದಿನದ ಮರಿಯೊಂದು ಕಾಲು ನಡುಗಿಸುತ್ತ ನಿಂತಿತ್ತು. ಮರಿ ಬಂದು ಫ್ಲೋವಿನ ಕಿವಿ ಮೂಸಿತು. ಫ್ಲೋ ಮುಖ ತಿರುಗಿಸಿಕೊಂಡಿತು, ಮುಜುಗರವಾದ ಹಾಗೆ.

"ಎಷ್ಟ ಅದಾವ್ರಿ?" ಎಂದೆ.

"ನಿನ್ನಿ ಸಂಜಿಗೆ ಎಷ್ಟ ಇದ್ದವೋ ಅಷ್ಟ," ಎಂದರು. "ಮತ್ತ ಎರಡ ಹೆಚ್ಚ ಅದಾವು. ಹುಟ್ಯಾವು."

ಮರುದಿನವೂ ಎಣಿಸಿದರು. ಅದರ ಮರುದಿನವೂ. ರೂತ್ ಅಡುಗೆಮನೆಯ ಕಿಟಕಿಯಿಂದ ನೋಡಿ, ನಿಮ್ಮ ಚಿಕ್ಕಪ್ಪ ನನ್ನ ಕುರಿಗಳನ್ನು ಯಾಕೆ ಲೆಕ್ಕ ಹಾಕುತ್ತಾರೆ ಎಂದು ಕೇಳಿದಳು. ಹೇಳಿದೆ. ಕುರಿಮಾಂಸ ತಿನ್ನುವ ನಾಯಿ ಮರಿಯನ್ನೂ ತಿಂದೀತು ಎಂಬ ಭಯ ಅವರಿಗೆ. ಆಕೆಗೆ ಬೇಸರವಾಗಲಿಲ್ಲ. ಚಹಾದ ಬಟ್ಟಲು ಹಿಡಿದು ಹೊರಗೆ ಬಂದು ಕಾಕಾನ ಎದುರು ನಿಂತು ಹೇಳಿದಳು, ನಾನು ಕನ್ನಡಕ್ಕೆ ತಂದೆ:

"ನನಗೂ ಅದೇ ಭಯ. ಅದಕ್ಕೇ ಮೂರು ನಿಯಮ. ಹುಲ್ಲುಗಾವಲಿನಲ್ಲಿ ಸತ್ತ ಕುರಿಯನ್ನು ನಾಯಿ ಮುಟ್ಟುವ ಹಾಗಿಲ್ಲ. ಚರ್ಮ ಉಣ್ಣೆ ಇರುವ ಮಾಂಸ ಕೊಡುವ ಹಾಗಿಲ್ಲ. ಕೊಡುವುದಾದರೆ ಗೂಡಿನಲ್ಲಿ, ನನ್ನ ಕೈಯಿಂದ. ಮಾಂಸ ನನ್ನಿಂದ ಬರುತ್ತೆ, ಕುರಿಯಿಂದ ಅಲ್ಲ ಅಂತ ನಾಯಿಗೆ ಗೊತ್ತಿರಬೇಕು."

"ಮತ್ತ ಆ ಬರ್ಫದ ಪೆಟ್ಟಿಗಿ ಯಾಕಂತ?"

ಹುಳಕ್ಕೆ, ಎಂದಳು. ಕುರಿಯ ಮಾಂಸದಲ್ಲಿ ಕೆಲವೊಮ್ಮೆ ಹುಳದ ಗುಳ್ಳೆಗಳಿರುತ್ತವೆ. ಹಸಿಯಾಗಿ ತಿಂದರೆ ನಾಯಿಯ ಹೊಟ್ಟೆಯಲ್ಲಿ ಹುಳ ಬೆಳೆದು, ಅದರ ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಗೆ. ಬಹಳ ದಿನ ಹೆಪ್ಪುಗಟ್ಟಿಸಿದರೆ ಸಾಯುತ್ತವೆ. ಇಲ್ಲವೇ ಬೇಯಿಸಬೇಕು.

ಅಬ್ಬಾ ಕಲೇಜಿಯಲ್ಲಿ ನೀರುಗುಳ್ಳೆ ಕಂಡರೆ ಅದನ್ನು ಯಾರಿಗೂ ಕೊಡದೆ ಹಿತ್ತಲಿನಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಯಾಕೆ ಎಂದು ನಾನು ಕೇಳಿದ್ದೇ ಇಲ್ಲ. ನಾನು ಕಾಳ್ಯಾನಿಗೆ ಒಯ್ದ ಕಲೇಜಿಯಲ್ಲಿ ಗುಳ್ಳೆ ಇತ್ತೋ ಇಲ್ಲವೋ ನೋಡಿರಲೂ ಇಲ್ಲ.

ನಾಲ್ಕನೆಯ ದಿನ

ಮಾಳಪ್ಪನ ಫೋನು ಬಂದಾಗ ನಾವು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೆವು. ಸ್ಪೀಕರಿನಲ್ಲಿ ಅವನ ದನಿ ಇಡೀ ಅಡುಗೆಮನೆಗೆ ಕೇಳಿತು.

"ಅಣ್ಣಾ, ಮಂದಿ ಒಪ್ಪವಲ್ರು. ಕಟ್ಟಿದ ನಾಯಿ ಕಟ್ಟೇ ಇದ್ರ ಹಿಂಡ ಕಾಯಾವ್ರ ಯಾರು ಅಂತಾರ. ಹೊಸಾ ಮರಿನಾಯಿ ತರೂಣು ಅಂತಾರ. ಇದನ್ನ ಅಮಾಸಿ ಒಳಗ ಮುಗಸ್ರಿ ಅಂತಾರ."

"ಊಟ ಮಾಡತೈತೇನು?" ಎಂದರು ಕಾಕಾ.

"ಯಾರು, ನಾಯಿಯಾ? ಹಾಕಿದ್ದ ರೊಟ್ಟಿ ಹಂಗ ಬಿದ್ದೈತಿ."

ಫೋನು ಇಟ್ಟ ಮೇಲೆ ಕಾಕಾ ತಟ್ಟೆಯ ಬ್ರೆಡ್ಡಿನ ಅಂಚು ಮುರಿದು ಪಕ್ಕಕ್ಕಿಟ್ಟರು. ಉಳಿದದ್ದನ್ನು ತಿನ್ನಲಿಲ್ಲ. ಏನಾಯಿತು ಎಂದು ರೂತ್ ಕೇಳಿದಳು. ಮರಿ, ರಕ್ತ, ಹಗ್ಗ ಎಲ್ಲ ಹೇಳಿದೆ. ಪ್ಲಾಸ್ಟಿಕ್ ಚೀಲದ ವಿಷಯ ಬಿಟ್ಟು.

ಆಕೆ ಎದ್ದು ಗೋಡೆಯಿಂದ ಒಂದು ಹಳೆಯ ಫೋಟೊ ತಂದು ಮೇಜಿನ ಮೇಲಿಟ್ಟಳು. ಗಂಡನ ಪಕ್ಕದಲ್ಲಿ ಒಂದು ಕೆಂಚು ನಾಯಿ. ಹೆಸರು ಟಿಪ್. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಸತ್ತ ಮರಿಯ ಪಕ್ಕ ಅದು ನಿಂತಿತ್ತು, ಬಾಯಿಗೆ ರಕ್ತ. ಗಂಡ ಊರಲ್ಲಿರಲಿಲ್ಲ. ರೂತ್ ತಾನೇ ಗುಂಡು ಹೊಡೆದಳು. ಮರುದಿನವೇ ಇನ್ನೊಂದು ಮರಿ ಹಾಗೆಯೇ ಬಿದ್ದಿತ್ತು, ಮೇಲೆ ದೊಡ್ಡ ಕಡಲಹಕ್ಕಿಗಳು ಕುಳಿತು ಕುಕ್ಕುತ್ತಿದ್ದವು. ಆಗತಾನೇ ಹುಟ್ಟಿದ ಮರಿಗಳನ್ನು ಅವು ಹಾಗೆ ಕೊಲ್ಲುತ್ತವಂತೆ.

"ಟಿಪ್ ಮೂಸಿ ನೋಡಲು ಹೋಗಿರಬೇಕು. ನೆಕ್ಕಿರಬೇಕು. ನನಗೆ ಗೊತ್ತಿಲ್ಲ," ಎಂದಳು ರೂತ್. "ನಿಮ್ಮ ನಾಯಿಯದೂ ನನಗೆ ಗೊತ್ತಿಲ್ಲ. ಕೊಂದಿದ್ದರೂ ಕೊಂದಿರಬಹುದು. ನಾನು ಒಂದು ದಿನ ಕಾಯಬೇಕಿತ್ತು, ಅಷ್ಟೇ."

ಇಷ್ಟನ್ನೂ ಕಾಕಾನಿಗೆ ಹೇಳಿದೆ. ಕೊನೆಗೆ ಹೇಳಿದೆ: "ಹಸಿ ಮಾಂಸಕ್ಕೂ ಇದಕ್ಕೂ ಏನೂ ಸಂಬಂಧಿಲ್ಲ ಅಂತಾರ್ರಿ."

ಸಂಜೆ ದಿನಚರಿ ಬರೆಯುವಾಗ ಪೆನ್ನು ಆ ವಾಕ್ಯದ ಮೇಲೆ ನಿಂತಿತು. ರೂತ್ ಅದನ್ನು ಯಾವಾಗ ಹೇಳಿದಳು? ಆಕೆಯ ಬಾಯಿಂದ ಬಂದ ಇಂಗ್ಲಿಷ್ ಮಾತುಗಳನ್ನು ಒಂದೊಂದಾಗಿ ನೆನೆದೆ. ಅದು ಎಲ್ಲೂ ಇರಲಿಲ್ಲ. ತರಗತಿಯಲ್ಲಿ ನಾನು ಹುಡುಗರಿಗೆ ಹೇಳುತ್ತಿರುತ್ತೇನೆ, ಬರೆದವನಿಗೆ ಯಾವುದರಿಂದ ಲಾಭ ಎಂದು ಮೊದಲು ನೋಡಿ ಎಂದು. ಆ ವಾಕ್ಯದಿಂದ ಲಾಭವಿದ್ದದ್ದು ನನಗೊಬ್ಬನಿಗೇ.

ಐದನೆಯ ದಿನ, ಗುಡ್ಡದ ಮೇಲೆ

ರೂತ್ ನಾಯಿಗಳೊಂದಿಗೆ ಮುಂದೆ ಹೋಗಿದ್ದಳು. ಕಾಕಾ ಕಲ್ಲಿನ ಮೇಲೆ ಕುಳಿತು ಕೆಳಗಿನ ಹಿಂಡು ನೋಡುತ್ತಿದ್ದರು. ಗಾಳಿ ಜೋರಾಗಿತ್ತು. ನಾನು ಎರಡೂ ಹೇಳಿದೆ. ಮೊದಲು ನಿನ್ನೆ ಸೇರಿಸಿದ ವಾಕ್ಯ, ಆಮೇಲೆ ಕಲೇಜಿ.

ಬೈಯುತ್ತಾರೆ ಎಂದು ಕಾದೆ.

"ನಿಮ್ಮ ಅಪ್ಪಾರು ಕೈ ತೊಳಕೊಂಡ ಬರ್ತಿದ್ರು," ಎಂದರು ಕೊನೆಗೆ. ಎದ್ದು ಇಳಿದು ಹೋದರು.

ಮುಂದಿನ ಮೂರು ದಿನ ನನ್ನೊಂದಿಗೆ ಮಾತಿಲ್ಲ. ದುಭಾಷಿಯೊಂದಿಗೆ ಮಾತು ಬಿಟ್ಟರೆ ಪರದೇಶದಲ್ಲಿ ಮನುಷ್ಯ ಮೂಕನಾಗಬೇಕು. ಕಾಕಾ ಆಗಲಿಲ್ಲ. ರೂತಳೊಂದಿಗೆ ನೆಟ್ಟಗೆ ಹಲಗೇರಿಯ ಕನ್ನಡದಲ್ಲಿ ಮಾತಾಡತೊಡಗಿದರು. ಆಕೆ ತನ್ನ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. "ಈ ಕುರಿ ತಾಯಿ ಹಾಲ ಕುಡಸವಲ್ದು, ನೋಡ್ಬಾ ಇಲ್ಲೆ," ಎಂದರೆ ಆಕೆ ಬಾಟಲಿ ಹಿಡಿದುಕೊಂಡು ಬರುತ್ತಿದ್ದಳು. ಒಮ್ಮೆ ಹೆರಿಗೆಯಲ್ಲಿ ಅಡ್ಡ ಸಿಕ್ಕಿಕೊಂಡ ಮರಿಯನ್ನು ಕಾಕಾ ಕೈ ಹಾಕಿ ತಿರುಗಿಸಿ ಹೊರತೆಗೆದಾಗ ಇಬ್ಬರೂ ಒಟ್ಟಿಗೆ ಏನೋ ಅಂದರು, ಬಹುಶಃ ಒಂದೇ ಮಾತು. ನಾನು ಬೇಲಿಯ ಆಚೆ ನಿಂತಿದ್ದೆ, ಯಾರಿಗೂ ಬೇಡವಾಗಿ.

ಮೂರನೆಯ ಸಂಜೆ ರೂತ್ ಕೊಡಲಿಯನ್ನು ಕಾಕಾನ ಕೈಗೆ ಕೊಟ್ಟಳು. ಕಾಕಾ ಹಿಂದೆ ಸರಿಯಲಿಲ್ಲ. ಹೆಪ್ಪುಗಟ್ಟಿದ ಮಾಂಸ ಕಡಿದು, ಫ್ಲೋವಿನ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ತಿನ್ನಲು ಬಿಡದೆ ಕೈಯಲ್ಲೇ ಹಿಡಿದುಕೊಂಡರು. ಫ್ಲೋ ಮಾಂಸ ನೋಡಿತು, ಕಾಕಾನ ಮುಖ ನೋಡಿತು, ಕಾಯಿತು. ತುಸು ಹೊತ್ತಿನ ಮೇಲೆ ಬಿಟ್ಟರು. ಕೈ ಒರೆಸಿಕೊಂಡು, ನನ್ನ ಕಡೆ ನೋಡದೆಯೇ ಕೇಳಿದರು:

"ಎಷ್ಟ ಸಲ?"

"ಒಂದೋ ಎರಡೋ ಸಲ ಕಾಕಾ."

"ಒಂದೋ, ಎರಡೋ?"

"ಖರೇ ಹೇಳ್ಬೇಕಂದ್ರ ನೆನಪಿಲ್ರಿ. ಬ್ಯಾಸಗಿ ದಿನಚರಿ ಮನ್ಯಾಗ ಐತಿ. ನೋಡಿ ಹೇಳ್ತೇನಿ."

"ನೋಡಿ ಹೇಳ್ರಿ. ಎಷ್ಟ ಸಲ ತಿನಿಸೀರೋ ಅಷ್ಟ ದಿನ ನನ್ನ ಹಿಂಡಿನಾಗ ಬಂದ ಇರ್ರಿ. ಕಾಳ್ಯಾನ ಬಿಚ್ಚತೇನಿ. ಹೊತ್ತು ಮುಣುಗಿದಾಗ ಎಣಸ್ರಿ, ಹೊತ್ತು ಹೊಂಟಾಗ ಎಣಸ್ರಿ. ನೀವ ತಿನಿಸೀರಿ, ನೀವ ಕಾಯ್ರಿ."

"ಒಂದ ಮರಿ ಕಡಿಮಿ ಬಂದ್ರ?"

"ಕಡಿಮಿ ಬಂದ್ರ ಮಂದಿ ಹೇಳಿದ್ದ ಖರೇ ಅಂದಂಗ ಆತು," ಎಂದರು. ಫೋನು ತೆಗೆದು ನನ್ನ ಕೈಗೆ ಕೊಟ್ಟರು. "ಮಾಳ್ಯಾಗ ಹಚ್ರಿ."

ಮಾಳಪ್ಪ ಎತ್ತಿದ. ಕಾಕಾ ಹೇಳಿದ್ದು ಇಷ್ಟೇ: "ಅಮಾಸಿ ಗಿಮಾಸಿ ಏನಿಲ್ಲ. ನಾ ಬರ್ತೇನಿ. ಅಲ್ಲೀತನಕ ನೀ ಉಣ್ಣೂಮುಂದ ಮದಲನೇ ಚೂರು ಅದಕ್ಕ ಕೈಲೆ ತಿನಸು. ಒಗೀಬ್ಯಾಡ. ಕೈಲೆ."

ತಿರುಗಿ ಮನೆಗೆ

ಹೊರಡುವ ದಿನ ಕಾಕಾ ತಮ್ಮ ಕಂಬಳಿಯನ್ನು ರೂತಳ ಹೆಗಲಿಗೆ ಹೊದಿಸಿದರು. ಆಕೆ ತನ್ನ ತಗಡಿನ ಸಿಳ್ಳೆ ಕೊಟ್ಟಳು. ಸಿಂಗಪುರದವರೆಗೂ ಕಾಕಾ ಅದನ್ನು ಬಾಯಲ್ಲಿಟ್ಟು ಊದಲು ನೋಡಿದರು. ಬರಿ ಗಾಳಿ ಬಂತು. ಬರುವಾಗಲೂ ಬನ್ನಿನ ಅಂಚು ಪಕ್ಕಕ್ಕಿಟ್ಟರು. ಈ ಸಲ ಜೇಬಿಗೆ ಹಾಕಿಕೊಳ್ಳದೆ ತಟ್ಟೆಯಲ್ಲೇ ಬಿಟ್ಟರು.

ಮನೆಗೆ ಬಂದವನೇ ಬೇಸಿಗೆಯಿಂದೀಚೆಗಿನ ದಿನಚರಿ ತೆಗೆದೆ. ಒಂದೋ ಎರಡೋ ಎಂದು ನಾನು ಹೇಳಿದ್ದು ಸುಳ್ಳು ಹೇಳಬೇಕೆಂದಲ್ಲ, ಅಷ್ಟೇ ಇರಬೇಕು ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು. ದಿನಚರಿಯಲ್ಲಿ ಐದು ಕಡೆ ಬರೆದಿತ್ತು, ನನ್ನದೇ ಅಕ್ಷರದಲ್ಲಿ. "ಕಾಳ್ಯಾನಿಗೆ ಕಲೇಜಿ, ಬಾಲ ಅಲ್ಲಾಡಿಸಿತು." "ಕಾಳ್ಯಾ ದೂರದಿಂದಲೇ ಓಡಿಬಂತು." ಐದನೆಯದು ಆ ಮರಿ ಸತ್ತದ್ದಕ್ಕೆ ಒಂಬತ್ತು ದಿನ ಮೊದಲು. ನನ್ನ ನೆನಪಿನಲ್ಲಿ ಅದಕ್ಕೂ ಇದಕ್ಕೂ ತಿಂಗಳುಗಳ ಅಂತರವಿತ್ತು.

ಅಬ್ಬಾನಿಗೂ ಹೇಳಿದೆ. ಅವರು ಕೇಳಿ ಒಳಗೆ ಹೋದರು. ಬಚ್ಚಲಿನಿಂದ ಹೊಸ ಸಾಬೂನು ತಂದು ನನ್ನ ಮುಂದಿಟ್ಟರು. "ಮೊಣಕೈತನಕ," ಎಂದರು.

ಕಾಗಿನೆಲೆಯ ಹತ್ತಿರ, ಐದು ದಿನ

ಅಕ್ಟೋಬರಿನ ಆ ವಾರ ಹಿಂಡು ಕಾಗಿನೆಲೆಯ ಆಚೆ, ಕೊಯ್ಲಾದ ಗೋವಿನಜೋಳದ ಹೊಲವೊಂದರಲ್ಲಿ ಬೀಡುಬಿಟ್ಟಿತ್ತು. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ನಾನು ಕಾಲೇಜಿಗೆ ರಜೆ ಹಾಕಿ ಬಂದೆ.

"ಐದು," ಎಂದೆ ಕಾಕಾನಿಗೆ.

"ಎರಡು ಅಂದಿದ್ರಿ."

"ದಿನಚರಿ ಐದು ಅಂತೈತಿ."

ಕಾಕಾ ನನ್ನನ್ನು ನೋಡಿ ಮೀಸೆಯಲ್ಲಿ ನಕ್ಕರು. ಮಾತು ಬಿಟ್ಟ ಮೇಲೆ ಮೊದಲ ನಗು. "ಬರಿಯೂದು ಚಟ ಆದ್ರ ಹಿಂಗ ನೋಡ್ರಿ. ಬರೀದಿದ್ರ ಎರಡ ದಿನಕ್ಕ ಮುಗೀತಿತ್ತು."

ಪಶುವೈದ್ಯರಿಂದ ತಂದ ಹುಳದ ಗುಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ತಿನ್ನಿಸಿ, ಕಾಳ್ಯಾನ ಹಗ್ಗ ಬಿಚ್ಚಿದರು. ನಾಯಿ ಎರಡು ಸುತ್ತು ಓಡಿ, ಹಿಂಡಿನ ಬಲೆಯ ಉದ್ದಕ್ಕೂ ಮೂಸಿ, ಹಳೆಯ ಜಾಗದಲ್ಲೇ ಬಿದ್ದುಕೊಂಡಿತು. ಉಳಿದೆರಡು ಮನೆಯ ಗಂಡಸರು ಅಡ್ಡ ಬರಲಿಲ್ಲ. ಆದರೆ ಮಾಳಪ್ಪ ಹಗ್ಗವನ್ನು ಬೇರೆಲ್ಲೂ ಇಡದೆ ತನ್ನ ಹಾಸಿಗೆಯ ಪಕ್ಕ ಸುರುಳಿ ಮಾಡಿ ಇಟ್ಟುಕೊಂಡ.

ಮೊದಲ ಮೂರು ಬೆಳಗು ಮರಿಗಳ ಎಣಿಕೆ ಸರಿ ಬಂತು. ನಲವತ್ತೆರಡು. ನಾಲ್ಕನೆಯ ಬೆಳಿಗ್ಗೆ ನಲವತ್ತೊಂದು.

ಮತ್ತೆ ಎಣಿಸಿದೆ. ನಲವತ್ತೊಂದು. ಕಾಳ್ಯಾ ಬಲೆಯ ಹೊರಗೆ ನಿಂತು ನನ್ನನ್ನೇ ನೋಡುತ್ತಿತ್ತು. ಅದರ ಮೂತಿ ನೋಡಿದೆ. ಇಬ್ಬನಿಗೆ ಒದ್ದೆಯಾಗಿತ್ತೋ ಬೇರೇನಾದರೂ ಆಗಿತ್ತೋ, ಆ ಮಸುಕಿನಲ್ಲಿ ತಿಳಿಯಲಿಲ್ಲ. ಯಾರಿಗೂ ಹೇಳದೆ ಮೂರನೆಯ ಸಲ ಎಣಿಸಲೇ ಎಂಬ ಯೋಚನೆ ಬಂತು. ಅಷ್ಟರಲ್ಲಿ ಮಾಳಪ್ಪ ಕೇಳಿದ.

"ಎಷ್ಟ್ರೀ?"

"ನಲವತ್ತ ಒಂದು."

ಮಾಳಪ್ಪ ಹಗ್ಗದ ಕಡೆ ಬಗ್ಗಿದ. ಉಳಿದವರು ಎದ್ದು ಬಂದರು. ಕಾಕಾ ಕುಳಿತಲ್ಲಿಂದ ಏಳಲಿಲ್ಲ. "ಒಂದ ದಿನ ತಡೀಬೇಕಿತ್ತು ಅಂದ್ಳು ಆ ಹೆಣ್ಮಗಳು," ಎಂದರು. "ನಾವು ಒಂದ ಗಳಿಗಿ ತಡ್ಯೂಣು. ಮಾಳ್ಯಾ, ನೀ ಎಣಸು."

ಮಾಳಪ್ಪ ನನ್ನ ಹಾಗೆ ಬೆರಳು ಚಾಚಿ ಎಣಿಸಲಿಲ್ಲ. ಬಲೆಯ ಒಂದು ಮೂಲೆ ಎತ್ತಿ, ಮರಿಗಳನ್ನು ಒಂದೊಂದಾಗಿ ಕಾಲ ಸಂದಿನಿಂದ ಹೊರಗೆ ಬಿಟ್ಟ. ಕೊನೆಗೆ ಒಳಗೆ ಉಳಿದದ್ದು ಒಂದು ಬಿಳಿ ಮರಿ, ಬಿಳಿ ತಾಯಿಯ ಹೊಟ್ಟೆಯ ಕೆಳಗೆ ಅಂಟಿಕೊಂಡಂತೆ ಮಲಗಿತ್ತು. ನಲವತ್ತೆರಡು.

ಯಾರೋ ನಕ್ಕರು. ಮಾಳಪ್ಪನೂ. "ಮಾಸ್ತರ, ಕಾಲೇಜಿನಾಗ ಹುಡುಗೂರ ಹಾಜರಿ ಹಿಂಗ ತಗೋತೀರೇನ್ರಿ?"

"ಇವರನ್ನ ಎಣಸಾಕ ಹಚ್ಚಿದ್ದ ನನ್ನ ತಪ್ಪು," ಎಂದರು ಕಾಕಾ.

ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ನನ್ನ ಒಂದು ತಪ್ಪಿನಿಂದ ಕಟ್ಟಿಸಿಕೊಂಡ ನಾಯಿಯನ್ನು ಇನ್ನೊಂದು ತಪ್ಪಿನಿಂದ ಕೊಲ್ಲಿಸುವವನಿದ್ದೆ.

ಆಗಸ್ಟಿನ ಆ ಮರಿಯನ್ನು ಯಾರು ಕೊಂದರು ಎಂದು ಈಗಲೂ ಗೊತ್ತಿಲ್ಲ. ತೋಳ ಇರಬಹುದು, ನಮ್ಮ ಕಡೆ ಇವೆ. ಕಾಳ್ಯಾನೇ ಇರಬಹುದು. ಅದರಲ್ಲಿ ನನ್ನ ಕಲೇಜಿಯ ಪಾಲು ಎಷ್ಟು ಎಂಬುದೂ ಗೊತ್ತಿಲ್ಲ. ಇದನ್ನು ಇಲ್ಲಿ ಬರೆದಿಡುತ್ತಿರುವುದು, ಮುಂದೊಂದು ದಿನ ನನ್ನ ನೆನಪು ಗೊತ್ತಿದೆ ಎಂದು ಹೇಳಿದರೆ ಅದನ್ನು ನಂಬಬಾರದು ಎಂದು.

ಐದನೆಯ ಬೆಳಿಗ್ಗೆ ಎಣಿಕೆ ಸರಿ ಬಂತು. ಎಣಿಸಿದ್ದು ಮಾಳಪ್ಪ. ಮುಂದಿನ ಹೊಲಕ್ಕೆ ಹೊರಡುವ ದಿನ ಅದು. ಬಲೆ ಸುತ್ತಿದ ಮೇಲೆ ಬಿಗಿಯಲು ಏನೂ ಸಿಗದೆ ಮಾಳಪ್ಪ ಅತ್ತಿತ್ತ ನೋಡಿದ. ಹಾಸಿಗೆಯ ಪಕ್ಕದ ಹಗ್ಗ ತಂದು ಬಲೆಯ ಸುರುಳಿಗೆ ಎರಡು ಗಂಟು ಹಾಕಿ ಬಿಗಿದ.

ರೂತಳ ಸಂದೇಶ ಫೋನಿನಲ್ಲಿ ಕಾದಿತ್ತು: ಕಾಳ್ಯಾ ಹೇಗಿದೆ, ಊಟಕ್ಕೆ ಏನು ಹಾಕುತ್ತಿದ್ದೀರಿ? ಕಾಕಾನಿಗೆ ಓದಿ ಹೇಳಿದೆ.

"ತಡೀರಿ, ತಿನಿಸಿ ಹೇಳ್ರಿ," ಎಂದು ಬುತ್ತಿಯ ಗಂಟು ಬಿಚ್ಚಿ ರೊಟ್ಟಿಯನ್ನು ನನ್ನ ಕೈಗೆ ಕೊಟ್ಟರು.

ಮೊದಲ ಚೂರು ಮುರಿದು ಚಾಚಿದೆ. ಕಾಳ್ಯಾ ಬಂತು. ರೊಟ್ಟಿ ಬಿಟ್ಟು ಮೊದಲು ನನ್ನ ಕೈ ಮೂಸಿತು. ಅಂಗೈ, ಬೆರಳು, ಬೆರಳ ಸಂದು, ಆಮೇಲೆ ಮೊಣಕೈವರೆಗೆ, ನಿಧಾನವಾಗಿ. ಸಾಬೂನಿನ ವಾಸನೆ ಬಿಟ್ಟು ಅಲ್ಲಿ ಬೇರೇನೂ ಇರಲಿಲ್ಲ. ತಲೆ ಎತ್ತಿ ಒಮ್ಮೆ ನನ್ನ ಮುಖ ನೋಡಿತು. ಆಮೇಲೆ ರೊಟ್ಟಿ ತಿಂದಿತು.